ಪಟದಲ್ಲಿ ಇಲ್ಲದವರ ಕೈಗಳು

ಆಸ್ಪತ್ರೆ ವಾರ್ಡಿನ ಗೋಡೆಯಲ್ಲಿ ಕೈತೊಳೆಯುವ ಪಟ ಈಗ ಮಾಮೂಲು. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಸಾರಿದ ಐದು ಸಂದರ್ಭಗಳು ಅದರಲ್ಲಿವೆ: ರೋಗಿಯನ್ನು ಮುಟ್ಟುವ ಮೊದಲು, ಡ್ರೆಸ್ಸಿಂಗ್‌ನಂಥ ಕೆಲಸಕ್ಕೆ ಮುಂಚೆ, ರಕ್ತವೋ ಮೂತ್ರವೋ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಸುತ್ತಲಿನ ಮಂಚ-ಮೇಜು ಮುಟ್ಟಿದ ಮೇಲೆ. ಪಟ ಚೆನ್ನಾಗಿದೆ. ಕೊಳೆಯಾದರೆ ಕೈ ತೊಳೆಯಬೇಕೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಕೊಳೆ ಕಾಣದಿದ್ದಾಗಲೂ ಯಾವಾಗ ತೊಳೆಯಬೇಕು ಎಂಬುದನ್ನು ಅದು ಬಿಡಿಸಿ ಹೇಳುತ್ತದೆ. ರೋಗಿಯ ಮೈ ಮುಟ್ಟದೆ ಮಂಚದ ಕಂಬಿ ಹಿಡಿದರೂ ಸೋಂಕು ಕೈಗೆ ಹತ್ತೀತು ಎಂಬ ಐದನೆಯ ಅಂಶ ಎಷ್ಟೋ ಜನಕ್ಕೆ ಹೊಳೆಯುವಂಥದ್ದಲ್ಲ.

ಆದರೆ ಅದನ್ನು ಮಾಡಿದ್ದು ಆಸ್ಪತ್ರೆಯ ಸಿಬ್ಬಂದಿಗಾಗಿ. ನಮ್ಮ ಸರ್ಕಾರಿ ವಾರ್ಡುಗಳಲ್ಲಿ ಮೈ ಒರೆಸುವವಳು ಹೆಂಡತಿ, ಮೂತ್ರದ ಚೀಲ ಖಾಲಿ ಮಾಡುವವನು ಮಗ. ಪಟದಲ್ಲಿ ಇವರಿಲ್ಲ, ಇವರ ಕೆಲಸವೂ ಇಲ್ಲ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಎಕ್ಸ್‌ರೇಗೆ ಒಯ್ಯುವಾಗ ಅದನ್ನು ರೋಗಿಯ ಹೊಟ್ಟೆಯ ಮೇಲಿಟ್ಟರೆ ಮೂತ್ರ ಒಳಕ್ಕೇ ವಾಪಸು ಹರಿಯುತ್ತದೆ. ಖಾಲಿ ಮಾಡುವಾಗ ಚೀಲದ ನಳಿಕೆಯ ತುದಿ ಪಾತ್ರೆಗೆ ತಗಲಬಾರದು, ಆ ಪಾತ್ರೆ ಪಕ್ಕದ ಮಂಚಕ್ಕೆ ಎರವಲು ಹೋಗಬಾರದು. ಎದುರುಬದುರು ಮಲಗಿದವರ ನಡುವೆ ದಾಕ್ಷಿಣ್ಯ ಬೆಳೆದಿರುತ್ತದೆ, ಕೇಳಿದರೆ ಇಲ್ಲವೆನ್ನಲಾಗದು. ಹಾಗಾಗಿ ಈ ಮಾತು ಸಿಸ್ಟರ್ ಬಾಯಿಂದ ಅಡ್ಮಿಟ್ ಆದ ದಿನವೇ ಬರಬೇಕು. ಇನ್ನೊಂದು: ಕ್ಲಾಸ್ಟ್ರಿಡಿಯಾಯಿಡಿಸ್ ಡಿಫಿಸೈಲ್ ಎಂಬ ಭೇದಿಯ ರೋಗಾಣುವಿನ ಬೀಜಕಗಳು ಸ್ಯಾನಿಟೈಸರಿಗೆ ಸಾಯುವುದಿಲ್ಲ, ಅಲ್ಲಿ ಸೋಪು-ನೀರೇ ಆಗಬೇಕು. ಸೋಪಿನಲ್ಲಿ 40ರಿಂದ 60 ಸೆಕೆಂಡು ತೊಳೆಯಿರಿ ಎಂಬ ಪಟದ ಕೆಳಗೆ ಸೋಪೇ ಇಲ್ಲದ ಬೇಸಿನ್ನುಗಳೂ ಉಂಟು, ಆ ಮಾತು ಬೇರೆ.

ನನಗೆ ಹೆಚ್ಚು ತಕರಾರಿರುವುದು ‘ಡಾಕ್ಟರು ಕೈ ತೊಳೆದರಾ ಎಂದು ನೀವೇ ಕೇಳಿ’ ಎಂಬ ಸಲಹೆಯ ಬಗ್ಗೆ. ಅಮೆರಿಕದ ಜಾಯಿಂಟ್ ಕಮಿಷನ್ 2002ರಲ್ಲಿ ‘ಸ್ಪೀಕ್ ಅಪ್’ ಅಭಿಯಾನ ಶುರುಮಾಡಿದಾಗಿನಿಂದ ಈ ಧಾಟಿ ಜನಪ್ರಿಯ. ರೌಂಡ್ಸ್‌ಗೆ ದೊಡ್ಡ ಡಾಕ್ಟರು ಬಂದರೆ ಎದ್ದು ಕೈಮುಗಿಯುವ ಅಜ್ಜಿ ಹಾಗೆ ಕೇಳಿಯಾಳೇ? 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಕೈತೊಳೆಸಿ ಬಾಣಂತಿಯರ ಸಾವು ಇಳಿಸಿ ತೋರಿಸಿದ ಸೆಮ್ಮೆಲ್‌ವೈಸ್ ಸ್ವತಃ ವೈದ್ಯ; ಅವನ ಮಾತಿಗೇ ಅಂದಿನ ಬಹುಪಾಲು ವೈದ್ಯರು ಕಿವಿಗೊಡಲಿಲ್ಲ. ಕೇಳುವ ಹೊಣೆಯನ್ನು ರೋಗಿಯ ಮೇಲೆ ಹೊರಿಸುವ ಬದಲು ಡಾಕ್ಟರೇ ಮಂಚದ ಬಳಿ, ಅಜ್ಜಿಯ ಕಣ್ಣೆದುರಿಗೆ ಕೈ ಉಜ್ಜಿಕೊಂಡು ‘ನೀವೂ ಸ್ವಲ್ಪ ಹಚ್ಕೊಳ್ಳಿ ಅಜ್ಜಿ’ ಎಂದು ಬಾಟಲಿ ಮುಂದೆ ಹಿಡಿಯಬಹುದಲ್ಲ!