ಕಾಲಚಕ್ರವೂ ಪುಟಿಯುವ ವಿಶ್ವವೂ

ವಿಶ್ವವು ಕುಗ್ಗಿ ಮತ್ತೆ ಹಿಗ್ಗುತ್ತದೆಂಬ ಆಧುನಿಕ ಸಿದ್ಧಾಂತಗಳು ಜೈನರ ಕಾಲಚಕ್ರವನ್ನೇ ದೃಢಪಡಿಸುತ್ತವೆಂದು ಕೆಲವರು ಹೇಳುವುದುಂಟು. ಈ ಹೋಲಿಕೆ ಪರೀಕ್ಷೆಗೆ ನಿಲ್ಲದು.

ಐನ್‌ಸ್ಟೈನರ ಗುರುತ್ವ ಸಿದ್ಧಾಂತದ ಸಮೀಕರಣಗಳು ಮಹಾಸ್ಫೋಟದ ಕ್ಷಣದಲ್ಲಿ ಅನಂತ ಸಾಂದ್ರತೆಗೆ ಒಯ್ದು ಅಲ್ಲಿಯೇ ಸೋಲುತ್ತವೆ. ಅವನ್ನು ತಿದ್ದಿ ರೂಪಿಸಿದ ಕೆಲವು ಸಿದ್ಧಾಂತಗಳಲ್ಲಿ ಅತಿಸಾಂದ್ರ ಸ್ಥಿತಿಯ ಗುರುತ್ವವು ವಿಕರ್ಷಕವಾಗಿ, ಕುಗ್ಗಿದ ವಿಶ್ವ ಪುಟಿದೇಳುತ್ತದೆ. 2006ರಲ್ಲಿ ಅಭಯ್ ಅಷ್ಟೇಕರ್ ಮತ್ತು ಸಂಗಡಿಗರ ಗಣಿತ ತೋರಿದ್ದು ಇದನ್ನೇ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಕ್ವಾಂಟಮ್ ಗುರುತ್ವದ ಅಧ್ಯಯನ ನಡೆದಿದೆ. ಆದರೆ ಪುಟಿತಕ್ಕೆ ವೀಕ್ಷಣೆಯ ನಿರ್ಣಾಯಕ ಪುರಾವೆ ಇನ್ನೂ ದೊರೆತಿಲ್ಲ.

ಆಗಮದ ಮಾತೇ ಬೇರೆ. ಉತ್ಸರ್ಪಿಣಿ, ಅವಸರ್ಪಿಣಿಗಳಲ್ಲಿ ಏರಿಳಿಯುವುದು ಭರತ, ಐರಾವತ ಕ್ಷೇತ್ರಗಳ ಜೀವಿಗಳ ಆಯುಷ್ಯ, ದೇಹದ ಎತ್ತರ ಮತ್ತು ಸುಖ. ವಿದೇಹ ಕ್ಷೇತ್ರದಲ್ಲಿ ಆ ಏರಿಳಿತವಿಲ್ಲ. ಲೋಕಾಕಾಶವಂತೂ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಕಲ್ಪವೃಕ್ಷಗಳು ಕ್ಷೀಣಿಸಿದಾಗ ಆದಿನಾಥರು ಕೃಷಿ ಮೊದಲಾದ ಷಟ್ಕರ್ಮಗಳನ್ನು ಬೋಧಿಸಿದರೆಂಬುದು ಪುರಾಣದ ಕಥೆ. ಇಳಿಗಾಲದಲ್ಲಿಯೂ ಪುರುಷಾರ್ಥಕ್ಕೆ ಎಡೆಯುಂಟೆಂಬುದೇ ಕಾಲಚಕ್ರದ ಬೋಧೆ.

ಇಂದಿನ ಸಮೀಕರಣ ನಾಳೆ ಬಿದ್ದರೆ ಅದಕ್ಕೆ ಕಟ್ಟಿದ ಆಗಮವೂ ಬೀಳಬೇಕೆ? ಭಿನ್ನವಾದುದನ್ನು ಒಂದೆನ್ನುವುದು ಅನೇಕಾಂತವಲ್ಲ. ಬಸದಿಯ ಪಾಠಶಾಲೆಗಳಲ್ಲಿ ಎರಡನ್ನೂ ಅವುಗಳ ನೆಲೆಯಲ್ಲಿಯೇ ಕಲಿಸುವುದು ಸತ್ಯವ್ರತಕ್ಕೆ ಒಪ್ಪುವ ದಾರಿ.