ನಗೆಗೆ ಸಿಕ್ಕ ಗ್ರೀಕ್ ಪುರಾಣ: ದೋಮಿಯೇನ ಚಿತ್ರಮಾಲೆ

ಗ್ರೀಕ್ ಪುರಾಣವೆಂದೊಡನೆ ಕನ್ನಡ ವಾಚಕರ ಮನಸ್ಸಿಗೆ ಬರುವುದು ಗಾಂಭೀರ್ಯವೇ. ಸೊಫೋಕ್ಲೀಸನ ‘ಏಜಾಕ್ಸ್’ ನಾಟಕವು 1929ರಲ್ಲಿ ಬಿ. ಎಂ. ಶ್ರೀ. ಅವರ ‘ಅಶ್ವತ್ಥಾಮನ್’ ಆಗಿ ಬಂದಾಗ ನಮಗೆ ದೊರೆತುದು ಅದರ ರೌದ್ರ, ಅದರ ಕರುಣ. ಅದೇ ಗ್ರೀಕರು ತಮ್ಮ ದೇವತೆಗಳನ್ನು ನೋಡಿ ಮನಸಾರ ನಕ್ಕವರೂ ಹೌದೆಂಬುದು ನಮ್ಮ ಗಮನಕ್ಕೆ ಬಂದುದು ಕಡಮೆ. ಈ ನಗೆಯನ್ನು ಆಧುನಿಕ ಕಾಲದಲ್ಲಿ ಮತ್ತೆ ಎಬ್ಬಿಸಿದವರಲ್ಲಿ ಪ್ಯಾರಿಸಿನ ಚಿತ್ರಕಾರ ಒನೋರೆ ದೋಮಿಯೇ (1808–1879) ಅಗ್ರಗಣ್ಯನು.

‘ಲ ಶಾರಿವಾರಿ’ ಎಂಬ ವಿನೋದ ಪತ್ರಿಕೆಯಲ್ಲಿ 1841ರ ಡಿಸೆಂಬರಿನಿಂದ 1843ರ ಜನವರಿಯವರೆಗೆ ಅವನ ‘ಪ್ರಾಚೀನ ಇತಿಹಾಸ’ ಎಂಬ 50 ಚಿತ್ರಗಳ ಮಾಲೆ ಪ್ರಕಟವಾಯಿತು. ಎಲ್ಲವೂ ಕಲ್ಲಚ್ಚಿನವು. ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ನೇರವಾಗಿ ಬರೆಯುವ ಈ ವಿಧಾನದಲ್ಲಿ ತಿದ್ದುವುದಕ್ಕೆ ಅವಕಾಶ ಅಲ್ಪ. ಆದುದರಿಂದಲೇ ಗೆರೆಗೆ ಮಾತಿನ ಚುರುಕಿದೆ.

ದೊರೆ ಲೂಯಿ ಫಿಲಿಪ್ಪನನ್ನು ಹೊಟ್ಟೆಬಾಕ ರಾಕ್ಷಸನಂತೆ ಚಿತ್ರಿಸಿದ್ದಕ್ಕಾಗಿ ದೋಮಿಯೇ 1832ರಲ್ಲಿ ಸೆರೆಮನೆ ಸೇರಿದ್ದನು. 1835ರ ಕಾನೂನು ರಾಜಕೀಯ ವ್ಯಂಗ್ಯಚಿತ್ರಗಳ ಬಾಯಿಯನ್ನೇ ಕಟ್ಟಿತು. ಜೀವಂತ ಅರಸರನ್ನು ಮುಟ್ಟುವಂತಿಲ್ಲ. ಟ್ರಾಯ್ ನಗರವನ್ನು ಗೆದ್ದ ಅರಸರನ್ನು ಮುಟ್ಟಿದರೆ ಕೇಳುವವರು ಯಾರು?

ಮಾಲೆಯ ಮೊದಲ ಚಿತ್ರವನ್ನೇ ನೋಡಿರಿ. ಹೆಸರು ‘ವಿಜಯಿ ಮೆನಿಲಾಸ್’. ಹಿನ್ನೆಲೆಯಲ್ಲಿ ಟ್ರಾಯ್ ಉರಿಯುತ್ತಿದೆ, ನೆಲದ ಮೇಲೆ ಹೆಣಗಳು ಬಿದ್ದಿವೆ. ಅವುಗಳ ನಡುವೆ ಸ್ಥೂಲಕಾಯನಾದ ಗಂಡನು ಎದೆ ಸೆಟೆಸಿ, ಮರಳಿ ಪಡೆದ ಹೆಂಡತಿಯೊಡನೆ ಹೆಜ್ಜೆಯಿಡುತ್ತಾನೆ. ಯಾರ ಚೆಲುವಿಗಾಗಿ ಹತ್ತು ವರ್ಷ ರಕ್ತ ಹರಿಯಿತೋ ಆ ಹೆಲೆನ್ ದಪ್ಪ ಮೈಯ ಸಾಮಾನ್ಯ ಗೃಹಿಣಿ. ಹೆಬ್ಬೆರಳನ್ನು ಮೂಗಿಗೆ ಮುಟ್ಟಿಸಿ ಅವನನ್ನು ಅಣಕಿಸುತ್ತಾಳೆ! ಇಲ್ಲಿ ನಗೆ ಹೆಲೆನಳ ರೂಪದ ಮೇಲೆ ನಿಲ್ಲುವುದಿಲ್ಲ. ಆ ಹೆಣಗಳಿಲ್ಲದಿದ್ದರೆ ಇದು ಬರಿಯ ಗಂಡಹೆಂಡಿರ ಪ್ರಹಸನವಾಗುತ್ತಿತ್ತು. ಅವು ಇರುವುದರಿಂದ, ಗೆದ್ದುದಾದರೂ ಏನನ್ನು ಎಂಬ ಪ್ರಶ್ನೆ ನಗೆಯ ಬೆನ್ನಿಗೇ ಏಳುತ್ತದೆ. ಯುದ್ಧವನ್ನು ಕುರಿತು ಇಷ್ಟು ಮಿತವಾಗಿ ಇಷ್ಟು ಹೇಳಿದ ಚಿತ್ರಗಳು ವಿರಳ.

‘ಪಿಗ್ಮೇಲಿಯನ್’ ಚಿತ್ರದ ಹಾಸ್ಯ ಬೇರೆಯ ಜಾತಿಯದು. ತಾನು ಕಡೆದ ಪ್ರತಿಮೆಗೆ ಮನಸೋತ ಶಿಲ್ಪಿಯ ಕಥೆ ತಿಳಿದುದೇ. ದೋಮಿಯೇನಲ್ಲಿ ಆ ಪ್ರತಿಮೆಗೆ ಜೀವ ಬಂದೊಡನೆ ಅದು ಪೀಠದಿಂದ ಬಾಗಿ ಶಿಲ್ಪಿಯ ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ತೆಗೆದುಕೊಳ್ಳುತ್ತದೆ. ಪ್ಯಾರಿಸಿನ ಕಲಾಶಾಲೆಯು ಪ್ರಾಚೀನ ವಿಷಯಗಳ ಚಿತ್ರಗಳಿಗೇ ಬಹುಮಾನವಿತ್ತು ಗೆದ್ದವರನ್ನು ರೋಮಿಗೆ ಕಳುಹಿಸುತ್ತಿದ್ದ ಕಾಲವದು. ಅಮೃತಶಿಲೆಯಂತಹ ನಿರ್ಜೀವ ದೇಹಗಳು ಎಲ್ಲೆಲ್ಲಿಯೂ ತುಂಬಿದ್ದವು. ಜೀವ ಬಂದರೆ ಹೀಗಿದ್ದೀತು ಎಂದು ಒಂದು ಚಿಟಿಕೆ ನಶ್ಯ ತೋರಿಸಿಕೊಟ್ಟಿತು.

ಇದನ್ನು ದೇವನಿಂದೆ ಎಂದವರು ಉಂಟು. ತನ್ನ ಕವಿಮಿತ್ರನೊಬ್ಬನು ಈ ಮಾಲೆಯನ್ನು ಕಂಡು ಕೆರಳಿದನೆಂದು ಬೋದಿಲೇರ್ 1857ರ ಲೇಖನದಲ್ಲಿ ಬರೆದಿದ್ದಾನೆ. ಮರುವರ್ಷ ಆಫೆನ್‌ಬಾಕನ ‘ಪಾತಾಳದಲ್ಲಿ ಆರ್ಫಿಯಸ್’ ಎಂಬ ಗೀತಪ್ರಹಸನ ರಂಗಕ್ಕೆ ಬಂದಾಗಲೂ ವಿಮರ್ಶಕ ಝೂಲ್ ಝಾನೆನ್ ಇದೇ ಆಕ್ಷೇಪವನ್ನೆತ್ತಿದನು. ಅದರಿಂದ ನೋಡುವವರ ಸಂಖ್ಯೆ ಹೆಚ್ಚಿತೆಂಬುದು ಬೇರೆ ಮಾತು. ಈ ಆಕ್ಷೇಪಕ್ಕೆ ಗ್ರೀಕರೇ ಉತ್ತರ ಕೊಟ್ಟಿದ್ದಾರೆ. ಹೋಮರನ ‘ಇಲಿಯಡ್’ ಕಾವ್ಯದಲ್ಲಿ ಕುಂಟುತ್ತ ಮಧುವನ್ನು ಹಂಚುವ ಹೆಫೀಸ್ಟಸನನ್ನು ಕಂಡು ದೇವತೆಗಳೇ ನಗುತ್ತಾರೆ. ಕ್ರಿ. ಪೂ. 405ರಲ್ಲಿ ಅರಿಸ್ಟೋಫನೀಸನು ‘ಕಪ್ಪೆಗಳು’ ನಾಟಕದಲ್ಲಿ ಡಯೊನೀಸಸನನ್ನು ಸಿಂಹದ ಚರ್ಮ ಹೊದೆದ ಪುಕ್ಕಲನನ್ನಾಗಿ ಮಾಡಿದನು. ಅದು ನಡೆದುದು ಆ ದೇವನ ಉತ್ಸವದಲ್ಲಿಯೇ. ಬಹುಮಾನವೂ ಅದಕ್ಕೇ ಬಂದಿತು.

ಆದುದರಿಂದ ಉಪಾಧ್ಯಾಯರು ಇಂತಹ ಚಿತ್ರಗಳನ್ನು ತರಗತಿಯಲ್ಲಿ ತೋರಿಸಲು ಅಂಜಬೇಕಾಗಿಲ್ಲ. ಕಥೆಯನ್ನು ಮೊದಲು ಹೇಳಿರಬೇಕು, ಅಷ್ಟೇ. ಹೆಲೆನ್ ಯಾರೆಂದು ಅರಿಯದ ಹುಡುಗನಿಗೆ ಆ ಹೆಬ್ಬೆರಳಿನಲ್ಲಿ ನಗುವಂತಹುದೇನೂ ಕಾಣದು.

ಮಾಲೆಯೆಲ್ಲವೂ ಒಂದೇ ಮಟ್ಟದ್ದಲ್ಲ. ನೀರಿನಲ್ಲಿ ತನ್ನನ್ನೇ ನೋಡಿ ಹಿಗ್ಗುವ ನಾರ್ಸಿಸಸ್ ಇಲ್ಲಿ ಎಲುಬಿನ ಗೂಡು. ಒಮ್ಮೆ ನಕ್ಕ ಮೇಲೆ ಆ ಚಿತ್ರದಲ್ಲಿ ಉಳಿಯುವುದು ಹೆಚ್ಚಿಲ್ಲ. ಮೈಯ ಕುಂದನ್ನೇ ನೆಚ್ಚಿದ ಹಾಸ್ಯಕ್ಕೆ ಆಯುಸ್ಸು ಕಡಮೆ. ಪತ್ರಿಕೆಗೆ ಮೇಲಿಂದಮೇಲೆ ಚಿತ್ರ ಒದಗಿಸಬೇಕಾದವನ ಆತುರವೂ ಇಂತಹ ಕಡೆ ಕಾಣುತ್ತದೆ. ಮೆನಿಲಾಸನ ಚಿತ್ರಕ್ಕಾದರೋ ಎರಡನೆಯ ನೋಟ, ಮೂರನೆಯ ನೋಟ ಬೇಕಾಗುತ್ತದೆ. ಪ್ರತಿ ಸಲವೂ ಕಣ್ಣು ಹೋಗಿ ನಿಲ್ಲುವುದು ಆ ಹೆಣಗಳ ಬಳಿಯಲ್ಲಿ.