ಹಾಡ್ಯಾಡಿ ಅಳುವವರು

2020ರ ನವೆಂಬರ್ 25ರ ರಾತ್ರಿ ಸಾಲಗುಂದದ ಹೊಲದಲ್ಲಿ ಭತ್ತದ ರಾಶಿ ಕಾಯುತ್ತ ಕೂತಿದ್ದೆವು. ಹಗಲು ಕೊಯ್ಲಿನ ಮಷಿನ್ ಬಂದು ಹೋಗಿತ್ತು. ರಾಶಿಯ ಮೇಲೆ ತಾಡಪತ್ರಿ ಹೊದಿಸಿ, ಬದುವಿನ ಮೇಲೆ ಚಾದರ ಹಾಸಿಕೊಂಡಿದ್ದೆವು. ಹತ್ತರ ಸುಮಾರಿಗೆ ಫೋನಿನಲ್ಲಿ ಸುದ್ದಿ ಬಂತು: ಡಿಯಾಗೊ ಮರಡೋನಾ ತೀರಿಕೊಂಡ. ಅವನಿಗೆ ಅರವತ್ತು ತುಂಬಿ ಇನ್ನೂ ತಿಂಗಳಾಗಿರಲಿಲ್ಲ. ಜೊತೆಗಿದ್ದವರಲ್ಲಿ ಒಬ್ಬ "ಯಾವನವ?" ಎಂದ. ಇನ್ನೊಬ್ಬ "ಕೈಲೆ ಗೋಲ್ ಹೊಡದಿದ್ನಲ್ಲ, ಅವ" ಎಂದ. "ನಶಾ ಮಾಡ್ತಿದ್ನಂತಲ್ಲೊ" ಎಂದು ಮೂರನೆಯವನು ಕೂಡಿಸಿದ. ಆ ಹೆಸರನ್ನೇ ಮೊದಲ ಸಲ ಕೇಳಿದ ನಮ್ಮ ಕಾಕಾ, "ಸತ್ತವ್ರ ಮ್ಯಾಲೆ ಮಾತಾಡಬಾರ್ದು, ಬಿಡ್ರಿ" ಎಂದು ಮಾತಿಗೆ ಬೀಗ ಹಾಕಿದರು.

ಮುಂದಿನ ಒಂದು ವಾರ ಬ್ಯೂನಸ್ ಐರಿಸ್‌ನಿಂದ ಕೊಲ್ಕತ್ತಾವರೆಗೆ ಫುಟ್‌ಬಾಲ್ ಪ್ರೇಮಿಗಳು ಆಡಿದ್ದೆಲ್ಲ ಈ ಮಾತುಗಳನ್ನೇ. ಅವನು ದೇವರು ಎಂದವರಿದ್ದರು, ಮೋಸಗಾರ ಎಂದವರಿದ್ದರು. ಸತ್ತವನ ಬಗ್ಗೆ ಈಗ ಯಾಕೆ ಎಂದು ಇಬ್ಬರ ಬಾಯನ್ನೂ ಮುಚ್ಚಿಸಿದವರೂ ಇದ್ದರು. ಮರಡೋನಾನ ಆಟವನ್ನು ವಿಮರ್ಶೆ ಮಾಡುವಷ್ಟು ಪಾಂಡಿತ್ಯ ನನಗಿಲ್ಲ. ಆದರೆ ಒಬ್ಬ ದೊಡ್ಡ ಕಲಾವಿದನಿಗಾಗಿ ಜನ ಅಳುವ ಬಗೆಯನ್ನು ತೂಗಿ ನೋಡಬೇಕು ಎಂದು ಆ ರಾತ್ರಿಯಿಂದ ಅನ್ನಿಸುತ್ತಲೇ ಇದೆ.

ನಮ್ಮದು ಫುಟ್‌ಬಾಲಿನ ಸೀಮೆಯಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಕಬಡ್ಡಿ, ವಾಲಿಬಾಲ್, ಈಗ ಎಲ್ಲೆಲ್ಲೂ ಕ್ರಿಕೆಟ್. ನನ್ನ ಕಾಲಿಗೆ ಆ ಚೆಂಡನ್ನು ಒದ್ದವರು ಬಂಗಾಳಿ ಕ್ಯಾಂಪಿನ ಹುಡುಗರು. ಅಂದಿನ ಪೂರ್ವ ಪಾಕಿಸ್ತಾನದಿಂದ ಎಲ್ಲವನ್ನೂ ಬಿಟ್ಟು ಬಂದ ಕುಟುಂಬಗಳನ್ನು ಸರ್ಕಾರ ಸಿಂಧನೂರಿನ ಹತ್ತಿರ ತಂದು ನೆಲೆಗೊಳಿಸಿತು, ಆರ್.ಎಚ್. ಕ್ಯಾಂಪ್ ಎಂದು ಈಗಲೂ ಕರೆಯುತ್ತೇವೆ. ಅವರ ಜೊತೆ ಮೀನಿನ ಸಾರು, ದುರ್ಗಾಪೂಜೆಯ ಹಾಗೆ ಫುಟ್‌ಬಾಲೂ ನಮ್ಮ ಎರೆ ನೆಲಕ್ಕೆ ಬಂತು. 1990ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ ಫೈನಲ್ ಸೋತು ಮರಡೋನಾ ಅತ್ತಾಗ, ಕಪ್ಪು-ಬಿಳುಪು ಟಿ.ವಿ. ಮುಂದೆ ನನ್ನ ಕ್ಯಾಂಪಿನ ಗೆಳೆಯನೂ ಅತ್ತ. ಅವನನ್ನು ನೋಡಿ ನಾನೂ ಅತ್ತೆ. ಆದ್ದರಿಂದ ನಾನು ಹೊರಗೆ ನಿಂತು ಬರೆಯುತ್ತಿಲ್ಲ.

1986ರ ಜೂನ್ 22ರಂದು ಮೆಕ್ಸಿಕೊ ಸಿಟಿಯ ಅಜ್ಟೆಕಾ ಮೈದಾನದಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಆದರೂ ಹೇಳಲೇಬೇಕು, ಯಾಕೆಂದರೆ ಈ ಮನುಷ್ಯನ ಇಡೀ ತಕರಾರು ಅಲ್ಲಿನ ನಾಲ್ಕು ನಿಮಿಷಗಳಲ್ಲಿ ಅಡಗಿದೆ. ಇಂಗ್ಲೆಂಡ್ ವಿರುದ್ಧ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಫಾಕ್‌ಲ್ಯಾಂಡ್ ಯುದ್ಧ ಮುಗಿದು ನಾಲ್ಕೇ ವರ್ಷ. 51ನೇ ನಿಮಿಷದಲ್ಲಿ ಅವನು ಎಡಗೈಯಿಂದ ಚೆಂಡನ್ನು ಗೋಲಿಗೆ ತಳ್ಳಿದ. ರೆಫರಿಗೆ ಅದು ಕಾಣಲಿಲ್ಲ. 55ನೇ ನಿಮಿಷದಲ್ಲಿ ತನ್ನದೇ ಅರ್ಧದಲ್ಲಿ ಚೆಂಡು ಸಿಕ್ಕಾಗ ಗರಕ್ಕನೆ ತಿರುಗಿ ಓಡಿದ. ಅಡ್ಡ ಬಂದವರನ್ನೆಲ್ಲ ಹಿಂದೆ ಬಿಟ್ಟು, ಕಡೆಗೆ ಗೋಲ್‌ಕೀಪರ್ ಪೀಟರ್ ಶಿಲ್ಟನ್‌ನನ್ನೂ ದಾಟಿ ಗೋಲು ಹೊಡೆದ. ಆ ಓಟವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೆಲ ತಗ್ಗಿದ ಕಡೆಗೆ ಕಾಲುವೆಯ ನೀರು ತಾನೇ ದಾರಿ ಹುಡುಕಿಕೊಂಡು ಹೋಗುವಂತೆ ಅವನು ಹೋಗುತ್ತಾನೆ. ಅಡ್ಡ ಬಂದವರು ಬದುವಿನ ಹುಲ್ಲಿನ ಹಾಗೆ ಬಾಗುತ್ತಾರೆ. ಒಂದೇ ದೇಹ ನಾಲ್ಕು ನಿಮಿಷಗಳೊಳಗೆ ಕಳ್ಳತನವನ್ನೂ ಮಾಡಿತು, ಇಂಥ ಚೆಲುವನ್ನೂ ಹುಟ್ಟಿಸಿತು.

ಅವನು ಸತ್ತಾಗ ಬಂದ ಶ್ರದ್ಧಾಂಜಲಿಗಳಲ್ಲಿ ಹೆಚ್ಚಿನವು ಈ ಎರಡನ್ನು ಬೇರೆ ಬೇರೆ ಮಾಡಲು ಹೆಣಗಿದವು. ಆಟಗಾರನಿಗೆ ನಮಸ್ಕಾರ, ಮನುಷ್ಯನ ವಿಷಯ ಬೇಡ. ಇದೇ ಯತ್ನವನ್ನು ಬಹಳ ಜಾಣತನದಿಂದ ಮಾಡಿದ ಕೃತಿ ಆಸಿಫ್ ಕಪಾಡಿಯಾ 2019ರಲ್ಲಿ ತೆರೆಗೆ ತಂದ 'ಡಿಯಾಗೊ ಮರಡೋನಾ' ಸಾಕ್ಷ್ಯಚಿತ್ರ. ನೂರಾರು ಗಂಟೆಗಳ ಹಳೆಯ ಚಿತ್ರೀಕರಣದಿಂದ ಹೆಕ್ಕಿ ಕಟ್ಟಿದ್ದು. ಕ್ಯಾಮೆರಾ ಮುಂದೆ ಕೂತು ಯಾರೂ ಉಪನ್ಯಾಸ ಕೊಡುವುದಿಲ್ಲ, ದನಿಗಳು ಮಾತ್ರ ಕೇಳುತ್ತವೆ. ಡಿಯಾಗೊ ಎಂಬ ಕೊಳೆಗೇರಿಯ ಸಂಕೋಚದ ಹುಡುಗ ಬೇರೆ, ಮರಡೋನಾ ಎಂಬ ವೇಷ ಬೇರೆ ಎನ್ನುವುದು ಚಿತ್ರದ ವಾದ. ಕೆಟ್ಟದ್ದೆಲ್ಲ ವೇಷದ ಪಾಲಿಗೆ ಹೋಗುತ್ತದೆ, ಒಳ್ಳೆಯದೆಲ್ಲ ಹುಡುಗನ ಪಾಲಿಗೆ ಉಳಿಯುತ್ತದೆ. ನೋಡುವಾಗ ಕಣ್ಣು ಒದ್ದೆಯಾಗುತ್ತದೆ, ನಿಜ. ಆದರೆ ಈ ಪಾಲುಪಟ್ಟಿಯನ್ನು ನಾನು ಒಪ್ಪಲಾರೆ. ಗೋಲು ಹೊಡೆದವನು ಡಿಯಾಗೊ ಎಂದಾದರೆ ಮಗನನ್ನು ತನ್ನವನಲ್ಲ ಎಂದವನು ಯಾರು?

ಚಿತ್ರದ ನಿಜವಾದ ಬೆಲೆ ಇರುವುದು ಅದರ ವಾದ ಕುಸಿದು ಬೀಳುವ ಜಾಗಗಳಲ್ಲಿ. ಕ್ರಿಸ್ಟಿಯಾನಾ ಸಿನಾಗ್ರಾ ಎಂಬ, ಆಗ ಅವನು ಆಡುತ್ತಿದ್ದ ಇಟಲಿಯ ನೇಪಲ್ಸ್ ಊರಿನ ಹೆಣ್ಣುಮಗಳು 1986ರ ಸೆಪ್ಟೆಂಬರಿನಲ್ಲಿ ಗಂಡುಮಗುವನ್ನು ಹೆತ್ತು, ಇವನ ತಂದೆ ಮರಡೋನಾ ಎಂದು ಬಹಿರಂಗವಾಗಿ ಹೇಳಿದಳು. ವಿಶ್ವಕಪ್ ಗೆದ್ದು ಮೂರೇ ತಿಂಗಳು. ಊರು ತನ್ನ ದೇವರ ಮಾತನ್ನು ನಂಬಿತೇ ಹೊರತು ಅವಳದನ್ನಲ್ಲ. 1993ರಲ್ಲಿ ಇಟಲಿಯ ನ್ಯಾಯಾಲಯ ಅವನೇ ತಂದೆ ಎಂದಿತು. ಆ ಮಗನನ್ನು ಮನಸಾರೆ ಒಪ್ಪಿ ಅಪ್ಪಿಕೊಳ್ಳಲು ಅವನಿಗೆ ಸುಮಾರು 30 ವರ್ಷ ಬೇಕಾಯಿತು. ಚಿತ್ರದಲ್ಲಿ ಅವಳ ದನಿ ಬಂದಾಗ ಡಿಯಾಗೊ ಮತ್ತು ಮರಡೋನಾ ಎಂಬ ಎರಡು ಹೆಸರುಗಳ ನಡುವೆ ಗೋಡೆ ನಿಲ್ಲುವುದಿಲ್ಲ.

ನೇಪಲ್ಸಿನ ಪ್ರೀತಿಯ ಬಗ್ಗೆಯೂ ಚಿತ್ರ ಕಣ್ಣು ತೆರೆಸುತ್ತದೆ. 1984ರಲ್ಲಿ ಬಾರ್ಸಿಲೋನಾದಿಂದ ಬಂದ ಅವನು ದಕ್ಷಿಣ ಇಟಲಿಯ ಆ ಬಡ ಊರಿಗೆ 1987ರಲ್ಲಿ ಮೊದಲ ಲೀಗ್ ಪ್ರಶಸ್ತಿ ತಂದ, 1990ರಲ್ಲಿ ಎರಡನೆಯದನ್ನು. ಉತ್ತರದ ಶ್ರೀಮಂತ ಊರುಗಳ ಜನ ಹೊಲಸರು, ರೋಗಿಷ್ಟರು ಎಂದು ಹಂಗಿಸುತ್ತಿದ್ದವರಿಗೆ ತಲೆ ಎತ್ತುವ ದಿನ ಬಂತು. ಹಿಂದುಳಿದ ಜಿಲ್ಲೆ ಎನ್ನುವ ಹಣೆಪಟ್ಟಿ ಹೊತ್ತು ಬೆಳೆದ ರಾಯಚೂರಿನವನಿಗೆ ಆ ಖುಷಿಯ ರುಚಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗೆಲ್ಲುತ್ತಿದ್ದ ವರ್ಷಗಳಲ್ಲಿ ಅವನ ಕೊಕೇನು, ಅಲ್ಲಿನ ಭೂಗತ ಕುಳಗಳ ಒಡನಾಟ ಯಾರ ಕಣ್ಣಿಗೂ ಚುಚ್ಚಲಿಲ್ಲ. 1990ರ ಸೆಮಿಫೈನಲಿನಲ್ಲಿ ಅದೇ ನೇಪಲ್ಸಿನ ಮೈದಾನದಲ್ಲಿ ಅವನ ಅರ್ಜೆಂಟೀನಾ ಇಟಲಿಯನ್ನು ಸೋಲಿಸಿತು. ಮರುವರ್ಷ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 15 ತಿಂಗಳು ನಿಷೇಧಕ್ಕೊಳಗಾದ. ಅವನನ್ನು ಎಬ್ಬಿಸಿ ಕೂರಿಸಿ ಚಿಕಿತ್ಸೆ ಮಾಡಿಸಬೇಕಾದ ಕಾಲದಲ್ಲಿ ಊರು ಅವನ ಫೋಟೊಕ್ಕೆ ಊದಿನಕಡ್ಡಿ ಹಚ್ಚುತ್ತಿತ್ತು. ಅಭಿಮಾನಿಗಳ ಕುರುಡು ಅವನ ತಪ್ಪಿನ ಪಾಲುದಾರ ಎನ್ನಲು ನಾನು ಹಿಂಜರಿಯುವುದಿಲ್ಲ. ಅವನು ಸತ್ತ ಕೆಲವೇ ದಿನಗಳಲ್ಲಿ ಆ ಮೈದಾನಕ್ಕೆ ಅವನ ಹೆಸರಿಟ್ಟರು.

ಅರ್ಜೆಂಟೀನಾ ಮೂರು ದಿನ ರಾಷ್ಟ್ರೀಯ ಶೋಕ ಸಾರಿತು. ಅಧ್ಯಕ್ಷರ ಅರಮನೆಯಲ್ಲಿ ಇಟ್ಟ ಶವಪೆಟ್ಟಿಗೆ ನೋಡಲು ಜನ ನುಗ್ಗಿ, ಪೊಲೀಸರ ಜೊತೆ ಹೊಡೆದಾಟವೇ ಆಯಿತು. 2012ರಲ್ಲಿ ಅವನು ಬಂದು ಕಣ್ಣೂರಿನ ವೇದಿಕೆಯ ಮೇಲೆ ಆಟಗಾರ ಐ.ಎಂ. ವಿಜಯನ್ ಜೊತೆ ಚೆಂಡು ಕುಣಿಸಿದ್ದನ್ನು ಕಂಡಿದ್ದ ಕೇರಳದಲ್ಲಿ ಕ್ರೀಡಾ ಇಲಾಖೆ ಎರಡು ದಿನ ಶೋಕ ಆಚರಿಸಿತು. ಕೈಯಿಂದ ಗೋಲು ತಿಂದ ಶಿಲ್ಟನ್, ಅವನಲ್ಲಿ ದೊಡ್ಡತನವಿತ್ತು, ಕ್ರೀಡಾಮನೋಭಾವ ಇರಲಿಲ್ಲ ಎಂಬರ್ಥದಲ್ಲಿ ಬರೆದ. ಸತ್ತಾಗಲೂ ಬಿಡಲಿಲ್ಲವಲ್ಲ ಎಂದು ಎಷ್ಟೋ ಜನ ಬೈದರು. ನನಗಂತೂ ಅದು ಪ್ರಾಮಾಣಿಕ ಮಾತಾಗಿ ಕಂಡಿತು. ನಷ್ಟ ಆದವನು ನಷ್ಟವನ್ನು ಮರೆಯಬೇಕೆಂದು ಹೇಳಲು ಬೇರೆಯವರು ಯಾರು?

ಇದೇ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳಿದವಳು ಸ್ಪೇನಿನ ಆಟಗಾರ್ತಿ ಪೌಲಾ ದಪೇನಾ. ನವೆಂಬರ್ 28ರಂದು ಒಂದು ಪಂದ್ಯದ ಮೊದಲು ಮರಡೋನಾನಿಗಾಗಿ ಒಂದು ನಿಮಿಷದ ಮೌನ ಆಚರಿಸಿದಾಗ ಅವಳು ಬೆನ್ನು ತಿರುಗಿಸಿ ನೆಲದ ಮೇಲೆ ಕೂತಳು. ಅವನು ಸತ್ತ ನವೆಂಬರ್ 25 ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ಅಂತರರಾಷ್ಟ್ರೀಯ ದಿನ. ಆ ಹೆಣ್ಣುಮಕ್ಕಳಿಗೆ ಸಿಗದ ಮೌನ ಇವನಿಗೇಕೆ ಎನ್ನುವುದು ಅವಳ ಪ್ರಶ್ನೆ. 2014ರಲ್ಲಿ ಅವನು ಗೆಳತಿಯ ಮೇಲೆ ಕೈ ಮಾಡಿದಂತೆ ಕಾಣುವ ವಿಡಿಯೊ ಹೊರಬಂದಿತ್ತು. ಹೊಡೆಯಲಿಲ್ಲ, ಫೋನ್ ಕಿತ್ತು ಎಸೆದೆ ಎಂದು ಅವನು ಹೇಳಿದ್ದ. ದಪೇನಾಗೆ ಕೊಲೆ ಬೆದರಿಕೆಗಳು ಬಂದವು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುವ ಸಭ್ಯರೇ ಬದುಕಿರುವ ಹೆಣ್ಣುಮಗಳಿಗೆ ಸಾಯಿ ಎಂದರು.

ಇದರ ಪಕ್ಕ ಫುಟ್‌ಬಾಲಿನ ಇನ್ನೊಬ್ಬ ದೇವರು ಪೆಲೆಯನ್ನಿಟ್ಟು ನೋಡಬೇಕು. ಅವನು ತೀರಿಕೊಂಡದ್ದು 2022ರ ಡಿಸೆಂಬರ್ 29ಕ್ಕೆ. ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆ ಪೆಲೆಯ ಪ್ರತಿಮೆಯೂ ಇದೆ. ಆ ಗಲ್ಲಿಗಳ ಫುಟ್‌ಬಾಲ್ ಪ್ರೀತಿಗೆ ನಾನು ಕೈ ಮುಗಿಯುತ್ತೇನೆ. ಪೆಲೆಗೂ ಒಬ್ಬ ಮಗಳಿದ್ದಳು, ಸಾಂಡ್ರಾ. ನ್ಯಾಯಾಲಯದಲ್ಲಿ ಹೋರಾಡಿ ಅವನೇ ತಂದೆ ಎಂದು ಸಾಬೀತು ಮಾಡಿದಳು. ಆದರೂ ಅವನು ಅವಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. 2006ರಲ್ಲಿ ಕ್ಯಾನ್ಸರಿನಿಂದ ಅವಳು ಸತ್ತಾಗ ಮಣ್ಣಿಗೂ ಹೋಗಲಿಲ್ಲ. ಪೆಲೆ ಸತ್ತ ವಾರ ನಾನು ಓದಿದ ಬರಹಗಳಲ್ಲಿ ಈ ಮಗಳಿಗೆ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಗಲಿಲ್ಲ. ಕೋಟು ತೊಟ್ಟು, ನಗುತ್ತ, ಅಧಿಕಾರಸ್ಥರ ಪಕ್ಕ ನಿಂತವನ ತಪ್ಪು ಮಡಿಚಿಟ್ಟ ಪಂಚೆಯೊಳಗಿನ ಕಲೆಯ ಹಾಗೆ ಮರೆಯಾಯಿತು. ಬಾಯಿಗೆ ಬಂದಂತೆ ಬೈದು, ಬೀದಿಯಲ್ಲಿ ಬಿದ್ದು ಎದ್ದವನ ತಪ್ಪನ್ನು ಲೋಕ ನೆನಪಿಟ್ಟುಕೊಂಡಿತು. ಹಾಗಾಗಿ ಮರಡೋನಾನನ್ನು ಜರೆದವರೆಲ್ಲ ನ್ಯಾಯಕ್ಕಾಗಿ ಜರೆದರು ಎಂದು ಒಪ್ಪುವುದೂ ನನಗೆ ಕಷ್ಟ. ಎಷ್ಟೋ ಜನಕ್ಕೆ ಅವನು ನೋಯಿಸಿದ ಹೆಣ್ಣುಮಕ್ಕಳ ನೋವಿಗಿಂತ ಅವನ ಒರಟುತನವೇ ದೊಡ್ಡ ಅಪರಾಧವಾಗಿತ್ತು.

ಹಾಗಾದರೆ ಅಳುವುದು ಹೇಗೆ? ಕನ್ನಡಕ್ಕೆ ಇದು ಹೊಸ ಪ್ರಶ್ನೆಯಲ್ಲ. ರನ್ನ 'ಗದಾಯುದ್ಧ'ದಲ್ಲಿ ಸೋಲಲಿರುವ ದುರ್ಯೋಧನನನ್ನು ರಣರಂಗದಲ್ಲಿ ನಡೆಸುತ್ತಾನೆ. ಸತ್ತ ಮಗನಿಗೂ ಗೆಳೆಯ ಕರ್ಣನಿಗೂ ಅಳಿಸುತ್ತಾನೆ, ಶತ್ರುವಿನ ಮಗ ಅಭಿಮನ್ಯುವನ್ನೂ ಹೊಗಳಿಸುತ್ತಾನೆ. ಓದುವವರಿಗೆ ದುರ್ಯೋಧನನ ಮೇಲೆ ಮೋಹವೇ ಹುಟ್ಟುತ್ತದೆ. ಆದರೆ ದ್ರೌಪದಿಯ ಬಿಚ್ಚಿದ ಮುಡಿಯನ್ನು ರನ್ನ ಒಂದು ಗಳಿಗೆಯೂ ಮರೆಯುವುದಿಲ್ಲ. ಕಾವ್ಯ ಅವಳ ಮಾತಿನ ಕಿಚ್ಚಿನಿಂದ ಹೊತ್ತಿಕೊಳ್ಳುತ್ತದೆ, ಮುಡಿ ಕಟ್ಟಿದ ಮೇಲೇ ತಣ್ಣಗಾಗುತ್ತದೆ. ಛಲದ ಚೆಲುವು, ಮಾಡಿದ ಅನ್ಯಾಯ ಎರಡೂ ಒಂದೇ ಪುಟದಲ್ಲಿವೆ.

ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಮನೆಗಳಲ್ಲೇ ಇದೆ. ನಮ್ಮ ಕಡೆ ಸಾವಾದಾಗ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಬಳಿದು, ಹೂ ಹಾಕಿರುತ್ತಾರೆ. ಹೊರಗೆ ಕಟ್ಟೆಯ ಮೇಲೆ ಗಂಡಸರು "ಭಾಳ ಚೊಲೊ ಮನುಷ್ಯಾ" ಎನ್ನುತ್ತಿರುತ್ತಾರೆ. ಒಳಗೆ ಹೆಂಡತಿ ಗಂಡನ ಮುಖ ನೋಡುತ್ತ ಅವನ ಇಡೀ ಬದುಕನ್ನು ರಾಗ ಮಾಡಿ ಅವನಿಗೇ ಹೇಳುತ್ತಿರುತ್ತಾಳೆ. ಹುಡುಗನಾಗಿದ್ದಾಗ ಬಾಗಿಲ ಸಂದಿಯಿಂದ ಕೇಳಿದ ಒಂದು ಅಳು ನನಗೆ ಇನ್ನೂ ನೆನಪಿದೆ. ಕಾಲುವೆ ನೀರಿಗಾಗಿ ರಾತ್ರಿಯೆಲ್ಲ ಹೊಲದಾಗ ನಿಂತಿ, ನಡುಗುತ್ತ ಬಂದಿ ಎಂದಳು. ಕುಡಿದು ಬಂದು ಬೆನ್ನ ಮ್ಯಾಲೆ ಬರೆ ಎಬ್ಬಿಸಿದಿ ಎಂದೂ ಅದೇ ರಾಗದಲ್ಲಿ ಹೇಳಿದಳು. ಹೊಲಕ್ಕೂ ನೀರ ಹಾಸಿದಿ, ನನ ಕಣ್ಣಿಗೂ ನೀರ ತಂದಿ, ಇನ್ನ ಯಾರಿಗೆ ಬೈಲಿ ನಾ ಎಂದು ಅವನ ಪಾದ ಹಿಡಿದಳು. ಸುತ್ತ ಕೂತ ಹೆಂಗಸರಲ್ಲಿ ಒಬ್ಬರೂ ಸತ್ತವನ ಮೇಲೆ ಮಾತಾಡಬೇಡ ಎನ್ನಲಿಲ್ಲ. ಹೂಂಗುಟ್ಟಿದರು, ಜೊತೆಗೂಡಿ ಅತ್ತರು.

ಮರಡೋನಾನಿಗೆ ಸಂದ ಶೋಕವನ್ನು ನಾನು ಈ ಅಳುವಿನ ಪಕ್ಕದಲ್ಲಿಟ್ಟು ನೋಡುತ್ತೇನೆ. ರಾಷ್ಟ್ರೀಯ ಶೋಕ, ಪ್ರತಿಮೆ, ಮೈದಾನದ ಹೆಸರು, ನಮ್ಮ ಸಿಂಧನೂರಿನ ಸರ್ಕಲ್ಲಿನಲ್ಲಿ ಯಾರು ಸತ್ತರೂ ಏಳುವ 'ಮತ್ತೆ ಹುಟ್ಟಿ ಬಾ' ಫ್ಲೆಕ್ಸು, ಇವೆಲ್ಲ ಕಟ್ಟೆಯ ಮೇಲಿನ ಮಾತುಗಳು. ಒಳಮನೆಯ ಮಾತಿಗೆ ಹತ್ತಿರ ಬಂದವರು ಅರ್ಜೆಂಟೀನಾದ ಸ್ತ್ರೀವಾದಿಗಳಲ್ಲಿ ಕೆಲವರು. ಹೆಣ್ಣುಗಳ ಕೊಲೆಯ ವಿರುದ್ಧ 2015ರಿಂದ ಬೀದಿಗಿಳಿದು ಹೋರಾಡುತ್ತಿದ್ದ ಆ ನಾಡಿನಲ್ಲಿ, ಅವನಿಗಾಗಿ ಅತ್ತು ಅವನ ತಪ್ಪನ್ನೂ ಹೇಳಿದ ಹೆಂಗಸರು ಇದ್ದರು. ಅಳಲು ಒಪ್ಪದವರ ಜೊತೆ ಅವರಿಗೆ ಜಗಳವೂ ಆಯಿತು. ಅವರ ಕಣ್ಣೀರಿನಲ್ಲಿ ಸುಳ್ಳು ಇರಲಿಲ್ಲ, ಕೋಪದಲ್ಲೂ ಇರಲಿಲ್ಲ. ಆ ವಾರದ ಅಷ್ಟೂ ಶ್ರದ್ಧಾಂಜಲಿಗಳಲ್ಲಿ ಅವನ ಎರಡನೇ ಗೋಲಿನ ಎತ್ತರಕ್ಕೆ ತಕ್ಕದ್ದು ಇದೊಂದೇ ಎಂಬುದು ನನ್ನ ತೀರ್ಮಾನ. ಬೆನ್ನು ತಿರುಗಿಸಿ ಕೂತ ದಪೇನಾಳನ್ನೂ ನಾನು ಆ ಒಳಮನೆಯಲ್ಲೇ ಕೂರಿಸುತ್ತೇನೆ.

ನಮ್ಮೂರುಗಳಲ್ಲಿ ಹಾಡ್ಯಾಡಿ ಅಳುವವರು ಕಡಿಮೆಯಾಗುತ್ತಿದ್ದಾರೆ. ಮನೆಯ ಮುಂದೆ ಶಾಮಿಯಾನ ಬಿದ್ದು ಸ್ಪೀಕರಿನಲ್ಲಿ ಭಜನೆ ಹಚ್ಚಿದರೆ ಅವರ ದನಿ ಹೊಸ್ತಿಲು ದಾಟುವುದಿಲ್ಲ. ಆಮೇಲೆ ನುಡಿನಮನದ ಸಭೆಯಲ್ಲಿ ಗಂಡಸರಷ್ಟೇ ಮೈಕಿನ ಮುಂದೆ ನಿಲ್ಲುತ್ತಾರೆ. ನಿಮ್ಮೂರಲ್ಲಿ ದೊಡ್ಡವನೊಬ್ಬ ತೀರಿಕೊಂಡು ಅಂಥ ಸಭೆ ಕೂಡಿಸಿದರೆ, ಮೈಕನ್ನು ಮೊದಲು ಅವನ ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಿ.